ಎಸ್‌ಎಸ್‌ ತೂತಿಗೆ ಎಂ35 ಕೋಬಾಲ್ಟ್ ಡ್ರಿಲ್ ಬಿಟ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ನಮ್ಮದು ಗೇಟು, ಗ್ರಿಲ್, ರೇಲಿಂಗ್ ಮಾಡುವ ಚಿಕ್ಕ ಶೆಡ್ಡು. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಕೆಲಸವೇ ಜಾಸ್ತಿ. ಹೋದ ತಿಂಗಳು 304 ಗ್ರೇಡ್ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪ್ಲೇಟಿನ ಆರ್ಡರ್ ಬಂತು: 5 ಎಂಎಂ ದಪ್ಪ, ಪ್ಲೇಟಿಗೆ ನಾಲ್ಕು ತೂತು, ಎಲ್ಲಾ 8 ಎಂಎಂ. ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಚಿನ್ನದ ಬಣ್ಣದ ಡ್ರಿಲ್ ಬಿಟ್ ಸೆಟ್ಟಿನಿಂದಲೇ ಶುರು ಮಾಡಿದೆ. ಮೂರನೇ ತೂತಿಗೇ ಕೀಚ್ ಅಂತ ಸದ್ದು, ಮೊನೆ ನೀಲಿ ಬಣ್ಣಕ್ಕೆ ತಿರುಗಿತು, ಪ್ಲೇಟಿನ ಮೇಲೆ ಕನ್ನಡಿಯಂತೆ ಹೊಳೆಯುವ ಒಂದು ಗುಳಿ ಉಳಿಯಿತು. ಎಸ್‌ಎಸ್ ಹಾಗೇ, ಬಿಟ್ ಕೊರೆಯದೆ ಸುಮ್ನೆ ಉಜ್ಜಿದರೆ ಆ ಜಾಗ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಹೊಸ ಬಿಟ್ ಕೂಡ ಅಲ್ಲಿ ಜಾರುತ್ತದೆ.

ಮಾರನೇ ದಿನ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎಂ35 ಬಿಟ್ ತಂದೆ. ಇದರಲ್ಲಿ 5% ಕೋಬಾಲ್ಟ್ ಇರುತ್ತದೆ, ಅದೂ ಮೇಲೆ ಬಳಿದದ್ದಲ್ಲ, ಲೋಹದಲ್ಲೇ ಬೆರೆತದ್ದು. ಹಾಗಾಗಿ ಎಷ್ಟು ಸಲ ಸಾಣೆ ಹಿಡಿದರೂ ಗುಣ ಹೋಗುವುದಿಲ್ಲ. ಚಿನ್ನದ ಬಣ್ಣ ಬರೀ ಮೇಲಿನ ಲೇಪ, ಒಂದು ಸಲ ಸಾಣೆ ಹಿಡಿದರೆ ಮೊನೆಯಲ್ಲಿ ಅದು ಹೋಯಿತು ಅಂತಲೇ ಲೆಕ್ಕ. ಕೋಬಾಲ್ಟ್ ಬಿಟ್ ಕೊಳ್ಳುವಾಗ ಮೊನೆ 135 ಡಿಗ್ರಿ, ಸ್ಪ್ಲಿಟ್ ಪಾಯಿಂಟ್ (ತುದಿಯನ್ನು ಸೀಳಿದಂತೆ ಸಾಣೆ ಹಿಡಿದದ್ದು) ಇದೆಯಾ ಅಂತ ನೋಡಿ. ಸಾಮಾನ್ಯ 118 ಡಿಗ್ರಿ ಮೊನೆಯಂತೆ ಇದು ಅತ್ತಿತ್ತ ಓಡುವುದಿಲ್ಲ, ಇಟ್ಟಲ್ಲೇ ಕಚ್ಚುತ್ತದೆ. ಆದರೂ ನಾನು ಸೆಂಟರ್ ಪಂಚ್ (ಕೊರೆಯುವ ಮೊದಲು ಗುರುತಿನ ಮೇಲೆ ಸಣ್ಣ ಗುಳಿ ಹೊಡೆಯುವುದು) ಬಿಡುವುದಿಲ್ಲ.

ಬೆಂಚ್ ಡ್ರಿಲ್ಲಿನಲ್ಲಿ ಬೆಲ್ಟ್ ಬದಲಿಸಿ ವೇಗವನ್ನು 400 ಆರ್‌ಪಿಎಂ ಹತ್ತಿರಕ್ಕೆ ಇಳಿಸಿದೆ (ಇದೇ 8 ಎಂಎಂ ತೂತನ್ನು ಎಂಎಸ್‌ನಲ್ಲಿ ಹಾಕುವಾಗ 1000ದ ಹತ್ತಿರ ಓಡಿಸುತ್ತೇನೆ), ಕಟಿಂಗ್ ಆಯಿಲ್ ಹನಿಸುತ್ತಾ ಕೈ ಸಡಿಲ ಬಿಡದೆ ಒತ್ತಿದೆ. ಬಿಟ್ಟಿನ ಎರಡೂ ಅಂಚಿನಿಂದ ಸಮನಾಗಿ ಉದ್ದುದ್ದ ಸುರುಳಿ ಎದ್ದು ಬಂತು ನೋಡಿ, ಅಷ್ಟು ಖುಷಿಯಾಯಿತು! ಒಂದೇ ಬಿಟ್ಟಿನಲ್ಲಿ ಅರವತ್ತಕ್ಕೂ ಜಾಸ್ತಿ ತೂತು ಹಾಕಿದೆ, ನಡುವೆ ಒಂದೇ ಸಲ ಸಾಣೆ.

ತಕರಾರೂ ಇದೆ. ಕೋಬಾಲ್ಟ್ ಬಿಟ್ ಗಟ್ಟಿ, ಆದರೆ ಬಾಗುವುದಿಲ್ಲ. 4 ಎಂಎಂ ಬಿಟ್ಟನ್ನು ಹ್ಯಾಂಡ್ ಡ್ರಿಲ್ಲಿಗೆ ಹಾಕಿದ್ದೆ, ಆಚೆ ಕಡೆ ತೂತು ಬೀಳುವ ಹೊತ್ತಿಗೆ ಕೈ ಸ್ವಲ್ಪ ವಾಲಿತು, ಟಕ್ ಅಂತ ಮುರಿಯಿತು. ಬೆಲೆಯೂ ಮಾಮೂಲಿ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟಿಗಿಂತ ಜಾಸ್ತಿ. ಅದಕ್ಕೇ ಎಂಎಸ್ ಆ್ಯಂಗಲ್, ಫ್ಲ್ಯಾಟ್‌ಗೆಲ್ಲ ಇದನ್ನು ತರಲೇಬೇಡಿ, ಒಳ್ಳೆ ಕಂಪನಿಯ ಎಚ್‌ಎಸ್‌ಎಸ್ ಧಾರಾಳ ಸಾಕು. ಅಡಿಸನ್, ಮಿರಾಂಡಾ ಬಿಟ್‌ಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿಯೇ ಸಿಗುತ್ತವೆ. ಬೇಕಾದ ಸೈಜು ಮಾತ್ರ ತನ್ನಿ, ಸೆಟ್ ತಂದರೆ ಅರ್ಧ ಬಿಟ್‌ಗಳು ಡಬ್ಬಿಯಲ್ಲೇ ತುಕ್ಕು ಹಿಡಿಯುತ್ತವೆ.

ಮುಂದಿನ ವಾರ ಮತ್ತೆ ಎಸ್‌ಎಸ್ ಕೆಲಸ ಇದೆ. 8 ಎಂಎಂ ಎರಡು, 4 ಎಂಎಂ ನಾಲ್ಕು, ಎಲ್ಲಾ ಎಂ35 ಅಂತ ಅಂಗಡಿಯವರಿಗೆ ಆಗಲೇ ಹೇಳಿಟ್ಟಿದ್ದೇನೆ.