ಗಂಡಸರ ಆಪರೇಷನ್, ಸರ್ಕಾರದ ಖರ್ಚಲ್ಲಿ: ಮಾಡಿಸಿಕೊಂಡವನ ಮಾತು

ನಾನು ಮಂಡ್ಯ ಕಡೆಯ ಹಳ್ಳಿಯವನು. ಎರಡು ಎಕರೆ ಕಬ್ಬು, ಇಬ್ಬರು ಹೆಣ್ಣುಮಕ್ಕಳು. ಎರಡೂ ಹೆರಿಗೆ ಸಿಸೇರಿಯನ್. ಮತ್ತೆ ಹೆಂಡತಿ ಹೊಟ್ಟೆ ಮೇಲೆ ಕತ್ತರಿ ಬೇಡ ಅಂತ, ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ (ವ್ಯಾಸೆಕ್ಟಮಿ) ನಾನೇ ಮಾಡಿಸಿಕೊಂಡೆ.

ಮೊದಲು ಹೋದ ಆಸ್ಪತ್ರೆಯಲ್ಲಿ "ನಿಮಗ್ಯಾಕೆ? ಹೆಂಡತೀನ ಕರ್ಕೊಂಡು ಬನ್ನಿ" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ನಮ್ಮೂರ ಆಶಾ ಅಕ್ಕನೇ ಇನ್ನೊಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಡಾಕ್ಟರ್ ನನ್ನನ್ನೂ ಹೆಂಡತಿಯನ್ನೂ ಕೂರಿಸಿ ಅರ್ಧ ಗಂಟೆ ಮಾತಾಡಿದರು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, "ಇದು ಶಾಶ್ವತ. ಮನಸ್ಸಿಲ್ಲ ಅಂದ್ರೆ ಈಗಲೂ ಎದ್ದು ಹೋಗಿ ಅಣ್ಣ" ಅಂದರು, ಎರಡೆರಡು ಸಲ. ಎಮರ್ಜೆನ್ಸಿ ಕಾಲದಲ್ಲಿ (1975-77) ಬಲವಂತವಾಗಿ ಈ ಆಪರೇಷನ್ ಮಾಡಿಬಿಡ್ತಾರೆ ಅಂತ ಹೆದರಿ, ಜೀಪು ಕಂಡರೆ ಗಂಡಸರು ಕಬ್ಬಿನ ಗದ್ದೆಗೆ ಓಡುತ್ತಿದ್ದರು ಅಂತ ತಾತ ಹೇಳುತ್ತಿದ್ದರು. ಹಿಡಿದು ಮಾಡೋದು ಬೇರೆ, ಕೇಳಿ ಮಾಡೋದು ಬೇರೆ. ಆ ಅರ್ಧ ಗಂಟೆಗೇ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಮರಗಟ್ಟಿಸೋ ಇಂಜೆಕ್ಷನ್ ಚುರ್ ಅಂತು, ಅಷ್ಟೇ. ಆಮೇಲೆ ಒಳಗೆ ದಾರ ಎಳೆದ ಹಾಗೆ ಆಯಿತು. ಕಾಲು ಗಂಟೆಯಲ್ಲಿ ಮುಗಿಯಿತು, ಬ್ಲೇಡಿಲ್ಲ, ಹೊಲಿಗೆಯಿಲ್ಲ. ಸಂಜೆಗೆ ಮನೆ. ಬಸ್ಸಲ್ಲಿ ಮಾತ್ರ ಬರಬೇಡಿ, ರಸ್ತೆಯ ಒಂದೊಂದು ಹಂಪ್‌ಗೂ ಜೀವ ಹೋದಂಗಾಗುತ್ತೆ. ಒಂದು ವಾರ ಭಾರ ಎತ್ತಲಿಲ್ಲ. "ಶಕ್ತಿ ಹೋಗುತ್ತೆ ಮಗ" ಅಂತ ಅವ್ವ ಅತ್ತಿದ್ದಳು. ಹದಿನೈದನೇ ದಿನ ಅವಳೆದುರೇ ಕಬ್ಬಿನ ಹೊರೆ ಹೊತ್ತೆ.

ಒಂದು ಪೈಸೆ ಖರ್ಚಾಗಲಿಲ್ಲ. ಕೂಲಿ ನಷ್ಟಕ್ಕೆ ಅಂತ ಖಾತೆಗೆ 1,100 ರೂಪಾಯಿ ಬಂತು. ಇದಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಹಾಕಬೇಕು ಅನ್ನೋರಿದ್ದಾರೆ. ಹಾಕಲೇಬೇಕು. 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆದ ಸಂಸ್ಥಾನ ನಮ್ಮ ಮೈಸೂರು. ದುಡ್ಡು ಕೊಟ್ಟು ಮಾಡಿಸಿಕೊಳ್ಳಿ ಅಂದರೆ ನನ್ನಂಥವನು ಮುಂದಿನ ವರ್ಷ ನೋಡೋಣ ಅಂತಾನೆ, ಅಷ್ಟರಲ್ಲಿ ಹೆಂಡತಿ ಮತ್ತೆ ಬಸುರಿ. ಆದರೆ ಗಂಡಸರನ್ನೂ ಕರೀಬೇಕು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸಿಕೊಂಡವರು ಶೇ 37.9, ಗಂಡನಿಗೆ ಆಪರೇಷನ್ ಆಗಿರೋದು ಶೇ 0.3. ಹೊಟ್ಟೆ ಕೊಯ್ಯಿಸಿಕೊಳ್ಳೋದೆಲ್ಲ ಅವರ ಪಾಲಿಗೇ ಯಾಕೆ?

ಒಂದು ಕೊರತೆ ಹೇಳಲೇಬೇಕು. ಆಪರೇಷನ್ ಆದ ದಿನದಿಂದಲೇ ಇದು ಕೆಲಸ ಮಾಡಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಬನ್ನಿ ಅಂತ ಯಾರೂ ಫೋನ್ ಮಾಡಲಿಲ್ಲ. ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಕ್ಕೆ ನೆನಪಾಯಿತು. ವೀರ್ಯಾಣು ಇಲ್ಲ ಅಂತ ರಿಪೋರ್ಟ್ ಬಂತು. ಆ ಚೀಟಿ ಈಗ ಅವಳ ಎರಡು ತಾಯಿ ಕಾರ್ಡಿನ ಜೊತೆ ಟ್ರಂಕಿನಲ್ಲಿದೆ.