ವಾಘೋಲಿ ಕ್ವಾರಿ ಆರ್‌ಎಂಸಿ ಪ್ಲಾಂಟ್ ಅಪ್‌ಗ್ರೇಡ್: ಮಷಿನ್ ಚಲೋ, ಸರ್ವಿಸ್ ಬಗ್ಗೆ ಮಾತಾಡೂದ ಬ್ಯಾಡ್ರಿ

ಪುಣೆದಾಗ ವಾಘೋಲಿ ಕಡೆ ನಮ್ಮದೊಂದು ಕಲ್ಲಿನ ಕ್ವಾರಿ ಐತ್ರಿ, ಅಜ್ಜ ಇಂಡಿ ಕಡಿಂದ ಬಂದು ಶುರು ಮಾಡಿದ್ದು, ಈಗ ಅಪ್ಪ, ಕಾಕಾ, ನಾನು ನೋಡ್ಕೋತೀವಿ. ಕ್ರಷರ್ ಬಾಜೂಕ ಒಂದು ಹಳೇ ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಪ್ಲಾಂಟ್ ಇತ್ತು, ತಾಸಿಗೆ 30 ಕ್ಯೂಬಿಕ್ ಮೀಟರಿಂದು, ಡ್ರಮ್ ಮಿಕ್ಸರ್. ಅದನ್ನ ತಗದು 60ರ ಟ್ವಿನ್ ಶಾಫ್ಟ್ (ಎರಡು ಶಾಫ್ಟ್ ತಿರುಗಿ ಕಲಸೂ) ಮಿಕ್ಸರ್, ಹೊಸ ಪಿಎಲ್‌ಸಿ (ಪ್ಲಾಂಟ್ ನಡಸೂ ಕಂಪ್ಯೂಟರ್) ಪ್ಯಾನಲ್, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಬಿನ್ನಿಗೆ ತೇವ ಅಳಿಯೂ ಮಾಯ್ಶ್ಚರ್ ಪ್ರೋಬ್ ಹಾಕ್ಸಿದ್ವಿ. ಸಿಮೆಂಟ್ ಸೈಲೊ ಹಳೇವೇ. ಕಂಪನಿ ಹೆಸರು ಹೇಳಂಗಿಲ್ಲ, ಅವರ ಕಡಿಂದ ಇನ್ನೂ ಕೆಲಸ ಬಾಕಿ ಐತಿ.

ಮಿಕ್ಸರ್ ಮಾತ್ರ ಖರೇನ ಭಾರೀ. ಹಳೇ ಡ್ರಮ್ಮಿನಾಗ ಗಟ್ಟಿ ಎಂ40 ಗ್ರೇಡ್ ಕಾಂಕ್ರೀಟ್ ಹಾಕಿದ್ರ ಸಿಮೆಂಟ್ ಉಂಡಿ ಉಂಡಿ ಆಗಿ ಹೊರಗ ಬೀಳ್ತಿತ್ತು, ಈಗ ಒಂದ ಉಂಡಿ ಕಾಣಂಗಿಲ್ಲ. ನಮ್ಮ ಕರಿ ಬಸಾಲ್ಟ್, ಮಿಕ್ಸರ್ ಒಳಗಿನ ಲೈನರ್ ಟೈಲ್ ತಿಂದು ಹಾಕೂ ಕಲ್ಲು, ಅದಕ್ಕ ಆರ್ಡರ್ ಜೋಡೀನ ಒಂದು ಸೆಟ್ ಟೈಲ್ ಹೆಚ್ಚಿಗಿ ತಗೊಂಡೀವಿ, ನೀವೂ ತಗೋರಿ, ಆಮ್ಯಾಲ ಕೇಳಿದ್ರ ರೇಟ್ ಬ್ಯಾರೇನ ಇರ್ತೈತಿ.

ಈಗ ತಕರಾರು. ಇಡೀ ಅಪ್‌ಗ್ರೇಡಿನಾಗ ನನಗ ಹೆಚ್ಚು ಆಸೆ ಇದ್ದದ್ದ ಆ ಪ್ರೋಬ್ ಮ್ಯಾಲ. ಯಾಕಂದ್ರ ಒಂದು ಕ್ಯೂಬಿಕ್ ಮೀಟರಿಗೆ ನಾವು ಸುಮಾರು 800 ಕೆಜಿ ಉಸುಕು ಹಾಕ್ತೀವಿ, ಮಳ್ಯಾಗ ಉಸುಕಿನ ತೇವ ಶೇಕಡಾ 3ರಿಂದ 8ಕ್ಕ ಹೋತಂದ್ರ 40 ಲೀಟರ್ ನೀರು ತಾನ ಬಂದು ಕೂಡ್ತೈತಿ, ಸ್ಲಂಪ್ (ಕಾಂಕ್ರೀಟ್ ಎಷ್ಟು ತೆಳ್ಳಗ ಐತಿ ಅನ್ನೂ ಅಳತಿ) ಏರಿ ಕಾಂಕ್ರೀಟ್ ಸಾರಾಗ್ತೈತಿ, ಬಲ ನೋಡಾಕ ಒಡಿಯೂ ಕ್ಯೂಬ್ ಫೇಲ್ ಆದ್ರ ಬೈಗಳ ನಮಗ. ಮೊದ್ಲ ನಮ್ಮ ಆಪರೇಟರ್ ಮುಷ್ಟಿಯಾಗ ಉಸುಕು ಹಿಂಡಿ ನೋಡಿ ನೀರು ಕಡಿಮಿ ಮಾಡ್ತಿದ್ದ. ಹೊಸಾ ಪ್ರೋಬ್ ಬಂದ್ ಮ್ಯಾಲ ಮೊದಲನೇ ಮಳಿಗೇ ಟಿಎಂ (ಕಾಂಕ್ರೀಟ್ ಒಯ್ಯೂ ಗಾಡಿ) ಸಾರು ತುಂಬ್ಕೊಂಡು ಹೊಂಟ್ವು, ಸ್ಕ್ರೀನ್ ಮ್ಯಾಲ ಮಾತ್ರ ಆರಾಮ 4 ಪರ್ಸೆಂಟ್. ಲ್ಯಾಬ್ ಹುಡುಗ ಅರ್ಧ ಕೆಜಿ ಹಸಿ ಉಸುಕು ತವಾ ಮ್ಯಾಲ ಹಾಕಿ ಗ್ಯಾಸಿನ ಮ್ಯಾಲ ಹುರದು ತೂಗಿದ, 468 ಗ್ರಾಂ ಬಂತು. ಅಂದ್ರ ಹತ್ರತ್ರ 7 ಪರ್ಸೆಂಟ್! ಕಂಪನಿ ಎಂಜಿನಿಯರ್ ಒಣ ಉಸುಕಿನಾಗ ಒಂದ ಪಾಯಿಂಟ್ ಸೆಟ್ ಮಾಡಿ ಹೋಗಿಬಿಟ್ಟಿದ್ದ, ಫೋನ್ ಮಾಡಿದ್ರ 'ಸಾಯಂಕಾಲ ಮಾಡ್ತೀನಿ ಸರ್', ಯಾವ ಸಾಯಂಕಾಲ ಅಂತ ಹೇಳ್ಲಿಲ್ಲ. ಕಡೀಗೆ ನಾವ ಒಣದು, ನಡುವಿಂದು, ಹಸೀದು ಅಂತ ಮೂರು ಸ್ಯಾಂಪಲ್ ಹುರದು ಸೆಟ್ ಮಾಡಿದ್ವಿ. ಈಗ ಕರೆಕ್ಟ್ ತೋರಿಸ್ತೈತಿ, ಆದ್ರೂ ದಿನಾ ಮುಂಜಾನೆ ತವಾ ಬಿಟ್ಟಿಲ್ಲ.

ಇನ್ನೊಂದು, ಸಿಮೆಂಟ್ ತೂಕ. ಕೋಡ್ ಪ್ರಕಾರ ಸಿಮೆಂಟ್ ತೂಕದ ಹೆಚ್ಚುಕಮ್ಮಿ ಶೇಕಡಾ 2ರ ಒಳಗ ಇರಬೇಕು, 350 ಕೆಜಿಗೆ 7 ಕೆಜಿ. ನಮ್ಮಲ್ಲಿ 15 ಕೆಜಿ ತನಕ ಹೆಚ್ಚುಕಮ್ಮಿ ಬರ್ತಿತ್ತು, ತೂಕ ಅಳಿಯೂ ಲೋಡ್ ಸೆಲ್ ಕೆಟ್ಟೈತಿ ಅಂತ ಕಂಪನಿಯವರು ಹೊಸದಕ್ಕ ಕೊಟೇಶನ್ ಕಳಿಸಿದ್ರು! ನಮ್ಮ ಫಿಟ್ಟರ್ ಏಣಿ ಹತ್ತಿ ನೋಡಿದ್ರ ಸಿಮೆಂಟ್ ತರೂ ಸ್ಕ್ರೂ ಮತ್ತ ತೂಕದ ಹಾಪರ್ ನಡುವಿನ ರಬ್ಬರ್ ಬೂಟ್ ಬಿಗಿಯಾಗಿ ಎಳದು ಕಟ್ಟಿದ್ರು, ಹಾಪರ್ ತೂಕ ಅದಕ್ಕ ಜೋತು ಬಿದ್ದಿತ್ತು. ಸಡಿಲ ಮಾಡಿ, 20 ಕೆಜಿ ತೂಕದ ಕಲ್ಲು ಹೇರಿ ಚೆಕ್ ಮಾಡಿದ್ವಿ, ಮುಗೀತು. ಖರ್ಚು ಶೂನ್ಯ.

ಮತ್ತ 60 ಅಂತ ಕೇಳಿ ಕುಣಿಬ್ಯಾಡ್ರಿ. ಆ ತಪ್ಪು ಕಂಪನೀದಲ್ಲ, ನಮ್ಮ ಕಾಕಾಂದು. ನಮ್ಮ ಕಡೆ 6 ಕ್ಯೂಬಿಕ್ ಮೀಟರಿನ ಟಿಎಂ ಇರೂವ ನಾಕು, ಖರಾಡಿಗೆ ಹೋಗಿ ಬರೂದ್ರಾಗ ನಗರ್ ರೋಡ್ ಟ್ರಾಫಿಕ್ಕಿಗೆ ಎರಡು ತಾಸು. ಲೆಕ್ಕ ಹಾಕ್ರಿ, ತಾಸಿಗೆ 12 ಕ್ಯೂಬಿಕ್ ಮೀಟರ್ ಅಷ್ಟ. 'ಏ ತಮ್ಮಾ, ಪ್ಲಾಂಟ್ ಯಾಕ ಬಂದ್ ಬಿದ್ದೈತಿ?' ಅಂತ ಕಾಕಾ ದಿನಾ ಕೇಳ್ತಾರ. ಬಂದ್ ಬಿದ್ದಿಲ್ಲ ಕಾಕಾ, ಗಾಡಿ ದಾರಿ ಕಾಯಾಕತ್ತೈತಿ ಅಂತ ಹೇಳಿ ಹೇಳಿ ಸಾಕಾಗೇತಿ.

12 ದಿನದಾಗ ಚಾಲೂ ಮಾಡಿ ಕೊಡ್ತೀವಿ ಅಂದವರು 21 ದಿನ ತಗೊಂಡ್ರು, ಫೌಂಡೇಶನ್ ಬೋಲ್ಟ್ ಒಂದೂ ಹೊಂದಲಿಲ್ಲ, ಮತ್ತ ಒಡದು ಹಾಕಿದ್ವಿ. ಮಷಿನ್ನಿಗೆ ಐದಕ್ಕ ನಾಕು, ಸರ್ವಿಸ್ಸಿಗೆ ಒಂದೂವರಿ. ಎಎಂಸಿ (ವರ್ಷದ ಸರ್ವಿಸ್ ಕರಾರು) ಕಾಗದ ಟೇಬಲ್ ಮ್ಯಾಲ ಬಿದ್ದೈತಿ, ಅಪ್ಪ ಇನ್ನೂ ಸಹಿ ಹಾಕಿಲ್ಲ.