ಗೇರ್‌ಬಾಕ್ಸ್ ಇಳಿಸದೇನೇ ಹಳೇ ಪಜೆರೋ ಕ್ಲಚ್ ಸರಿ ಮಾಡಿಕೊಟ್ರು

ಆಲ್ದೂರು ಕಡೆಯವ್ರು ನಾವು, ಮನೇಲಿ 2006ರ ಪಜೆರೋ ಎಸ್‌ಎಫ್‌ಎಕ್ಸ್ ಇದೆ, ಹಿಂದೂಸ್ತಾನ್ ಮೋಟರ್ಸ್‌ನವ್ರು ಮಾರ್ತಿದ್ದ ಅದೇ 2.8 ಡೀಸೆಲ್. ಅಪ್ಪಾಜಿ ತಗೊಂಡಿದ್ದ ಗಾಡಿ, ಹಾಗಾಗಿ ಮಾರೋ ಮಾತೇ ಇಲ್ಲ. ಹಳೇ ಫೋರ್ ವೀಲ್ ಡ್ರೈವ್ ಗಾಡಿ ಇಟ್ಕೊಂಡು ಚಿಕ್ಕಮಗಳೂರಲ್ಲಿ ಯಾರ ಹತ್ರ ತೋರಿಸೋದು ಅಂತ ಹುಡುಕ್ತಿರೋರಿಗೆ ಉಪಯೋಗ ಆಗ್ಲಿ ಅಂತ ಈ ಗ್ಯಾರೇಜ್ ಬಗ್ಗೆ ಉದ್ದಕ್ಕೇ ಬರೀತಿದೀನಿ.

ಜನವರೀಲಿ ಕುಯ್ಲು ಜೋರಾಗಿದ್ದಾಗ ತೋಟದಿಂದ ಕಣಕ್ಕೆ ಬರೋ ಏರಲ್ಲಿ ನಿಲ್ಸಿದೆ, ಮತ್ತೆ ಫಸ್ಟ್ ಗೇರ್ ಬೀಳ್ಲೇ ಇಲ್ಲ. ಪೆಡಲ್ ಒತ್ತಿದ್ರೆ ಮೆತ್ತಗೆ ನೆಲಕ್ಕೇ ಹೋಗ್ತಿತ್ತು, ರಿವರ್ಸ್ ಹಾಕಿದ್ರೆ ಕರಕರ ಶಬ್ದ. ಇಂಜಿನ್ ಆಫ್ ಮಾಡಿದ್ರೆ ಎಲ್ಲಾ ಗೇರೂ ಸಲೀಸಾಗಿ ಬೀಳುತ್ತೆ. ಕೊನೆಗೆ ಫಸ್ಟ್ ಗೇರಲ್ಲೇ ಇಟ್ಟು ಸೆಲ್ಫ್ ಹೊಡೆದು ಹಾಗೇ ಎಳ್ಕೊಂಡು ಮನೆ ಸೇರ್ಸಿದೆ.

ಮೊದಲು ತೋರಿಸಿದ ಜಾಗದಲ್ಲಿ (ಹೆಸರು ಬೇಡ) ಗಾಡಿ ಕೆಳಗೆ ಬಗ್ಗಿ ಕೂಡ ನೋಡ್ದೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲಾ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು, 38,000 ಆಗುತ್ತೆ ಅಂದ್ರು. ಫೋರ್ ವೀಲ್ ಡ್ರೈವ್ ಗಾಡೀಲಿ ಗೇರ್‌ಬಾಕ್ಸ್ ಜೊತೆ ಹಿಂದೆ ಮುಂದೆ ಎರಡೂ ಕಡೆ ಚಕ್ರಕ್ಕೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸೂ ಇಳೀಬೇಕು, ಎರಡೂ ಕಡೆ ಶಾಫ್ಟ್ ಬಿಚ್ಬೇಕು, ಚಿಕ್ಕ ಕೆಲಸ ಅಲ್ಲ ಅದು. ನನಗೆ ಮನಸ್ಸೊಪ್ಲಿಲ್ಲ, ಯಾಕಂದ್ರೆ ಕ್ಲಚ್ ಜಾರ್ತಿರ್ಲಿಲ್ಲ, ಏರಲ್ಲಿ ಲೋಡ್ ಇದ್ರೂ ಎಳೀತಿತ್ತು.

ಈ ಗ್ಯಾರೇಜಿಗೆ ತಂದಾಗ ಇಲ್ಲಿನ ಮೆಕ್ಯಾನಿಕ್ ಭಾಯ್ ಮೊದಲು ಕೇಳಿದ್ದೇ ಅದನ್ನ. "ಗೌಡ್ರೇ, ಜಾರುತ್ತಾ, ಇಲ್ಲಾ ಬಿಡೋದಿಲ್ವಾ?" ಪ್ಲೇಟ್ ಸವೆದ್ರೆ ಇಂಜಿನ್ ರೇಸ್ ಆಗುತ್ತೆ ಗಾಡಿ ಓಡಲ್ಲ, ಬಿಡದೇ ಇದ್ರೆ ಗೇರ್ ಬೀಳಲ್ಲ, ಎರಡೂ ಬೇರೆ ಬೇರೆ ಕಾಯಿಲೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳಿದ್ರು. ಆಮೇಲೆ ಪೆಡಲ್ಲನ್ನ ನಾಲ್ಕು ಸಲ ಬೇಗ ಬೇಗ ಒತ್ತಿಸಿ ಗೇರ್ ಹಾಕು ಅಂದ್ರು, ಬಿತ್ತು! ಪಂಪ್ ಮಾಡಿದಾಗ ಬೀಳುತ್ತೆ ಅಂದ್ರೆ ಪ್ಲೇಟ್ ಮುಟ್ಟೋಕೆ ಮುಂಚೆ ಪೆಡಲ್ ಒತ್ತಿದ್ದನ್ನ ಕ್ಲಚ್‌ಗೆ ಮುಟ್ಟಿಸೋ ಆಯಿಲ್ ಲೈನ್ ನೋಡ್ಬೇಕು ಅಂದ್ರು.

ಆಮೇಲೆ ಅವ್ರು ಮಾಡಿದ್ದನ್ನ ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು. ಹುಡುಗನ್ನ ಪೆಡಲ್ ಮೇಲೆ ಕೂರ್ಸಿ, ತಾವು ಕೆಳಗೆ ಮಲಗಿ ಸ್ಟೀಲ್ ಸ್ಕೇಲ್ ಹಿಡಿದು ಲೋವರ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಕ್ಲಚ್ ಫೋರ್ಕ್ ತಳ್ಳೋದು) ರಾಡ್ ಎಷ್ಟು ಮುಂದೆ ಬರುತ್ತೆ ಅಂತ ಅಳೆದ್ರು. ಒಂದೇ ಸಲ ಒತ್ತಿದ್ರೆ 8 ಮಿಲಿಮೀಟರ್, ಪಂಪ್ ಮಾಡಿ ಒತ್ತಿದ್ರೆ 14. ಅಷ್ಟು ತಳ್ಳಿದ್ರೇನೇ ಫೋರ್ಕ್ ಬೇರಿಂಗನ್ನ ಪೂರ್ತಿ ಒತ್ತೋದು. ರಬ್ಬರ್ ಬೂಟ್ ಸರಿಸಿದ್ರೆ ಒಳಗಿಂದ ಕಪ್ಪು ಆಯಿಲ್ ತೊಟ್ಟಿಕ್ತು. ಹಳೇ ಹೋಸ್ ಊದ್ಕೊಂಡ್ರೂ ಹೀಗೇ ಆಗುತ್ತೆ ಅಂತ ಅದನ್ನೂ ಕೈಯಲ್ಲಿ ಹಿಡಿದು ಪೆಡಲ್ ಒತ್ತಿಸಿ ನೋಡಿದ್ರು, ಅದು ಚೆನ್ನಾಗಿತ್ತು.

ಲೋವರ್ ಬಿಚ್ಚಿದಾಗ ಪಿಸ್ಟನ್ ಓಡಾಡೋ ಬೋರ್ ಒಳಗೆ ತುಕ್ಕು ತಿಂದು ಸಣ್ಣ ಸಣ್ಣ ಗುಂಡಿ ಬಿದ್ದಿತ್ತು. ನಾನು ಬರೀ ರಬ್ಬರ್ ಕಿಟ್ ಹಾಕಿ ಅಂದೆ, ಬೇಡ ಅಂದ್ರು, ಗುಂಡಿ ಬಿದ್ದ ಬೋರಿಗೆ ಹೊಸ ರಬ್ಬರ್ ಹಾಕಿದ್ರೆ ಕೆಲವೇ ದಿನಕ್ಕೆ ಕೊಯ್ದು ಹಾಕುತ್ತೆ ಅಂತ. ಕ್ಲಚ್‌ಗೂ ಹಾಕೋದು ಬ್ರೇಕ್ ಆಯಿಲ್ಲೇ, ಅದು ಗಾಳಿಯಲ್ಲಿರೋ ತೇವ ಎಳ್ಕೊಳುತ್ತೆ, ನಮ್ಮ ಮಲೆನಾಡ ಮಳೇಲಿ ಇನ್ನೂ ಬೇಗ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ನಾವು ಕಮ್ಮಿ ಆದಾಗ ಮೇಲಿಂದ ತುಂಬ್ಸಿದ್ದು ಬಿಟ್ರೆ ಹತ್ತು ವರ್ಷದಿಂದ ಮುಟ್ಟೇ ಇರ್ಲಿಲ್ಲ. ತಪ್ಪು ನಮ್ದೇ, ಗಾಡೀದಲ್ಲ.

ಸಿಲಿಂಡರ್ ಬೆಂಗಳೂರು ಜೆಸಿ ರೋಡಿಂದ ತರಿಸೋಕೆ ನಾಲ್ಕು ದಿನ ಆಯ್ತು. ಹಾಕಿ ಏರ್ ತೆಗೆದ್ರು (ಬ್ಲೀಡ್ ಅಂತಾರೆ), ಗಾಳಿ ಬಿಡೋ ನಿಪ್ಪಲ್‌ಗೆ ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿ, ಒತ್ತು, ಹಿಡ್ಕೋ, ಬಿಡು ಅಂತ ಎಷ್ಟು ಸಲ ಮಾಡಿದ್ರೂ ಪೆಡಲ್ ಮೆತ್ತಗೇ ಇತ್ತು. ಆಗ ಲೋವರ್‌ನ ಬೋಲ್ಟ್ ಬಿಚ್ಚಿ ನಿಪ್ಪಲ್ ಮೇಲ್ಮುಖ ಬರೋ ಹಾಗೆ ಓರೆ ಮಾಡಿ, ಪಿಸ್ಟನ್ ಹೊರಗೆ ಹಾರದ ಹಾಗೆ ಕ್ಲಾಂಪ್ ಹಾಕಿ ಪೂರ್ತಿ ಒಳಗೊತ್ತಿ ಹಿಡಿದು ಮತ್ತೆ ಬ್ಲೀಡ್ ಮಾಡಿದ್ರು, ಸಿಕ್ಕಿ ಹಾಕ್ಕೊಂಡಿದ್ದ ಗಾಳಿ ಗುಳುಗುಳು ಅಂತ ಬಂತು. ಆಯಿಲ್ ಬಾನೆಟ್ ಮೇಲೆ ಎರಡು ಹನಿ ಬಿದ್ದಿದ್ದಕ್ಕೆ ತಕ್ಷಣ ನೀರು ಹಾಕಿ ತೊಳೆದ್ರು, ಇಲ್ಲಾಂದ್ರೆ ಪೇಂಟ್ ಎದ್ದು ಬರುತ್ತೆ.

ನಾನು ಹೊರಡೋಕೆ ರೆಡಿ, ಅವ್ರು ಬಿಡ್ಲಿಲ್ಲ. ಇಂಜಿನ್ ಆನ್, ಫಸ್ಟ್ ಗೇರ್, ಕ್ಲಚ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡ್ಕೊಳಿ ಅಂದ್ರು. ನಲವತ್ತು ಸೆಕೆಂಡಿಗೆ ಪೆಡಲ್ ನಿಧಾನ ಇಳಿದು ಗಾಡಿ ಮುಂದಕ್ಕೆ ತೆವಳೋಕೆ ಶುರು ಆಯ್ತು. ಹೊರಗೆಲ್ಲೂ ಲೀಕ್ ಇಲ್ಲ, ಗಾಡೀಲಿರೋ ಕ್ಲಚ್ ಆಯಿಲ್ ಬಾಟಲೀಲಿ ಲೆವೆಲ್ ಇಳಿದಿಲ್ಲ, ಹಾಗಾದ್ರೆ ಪೆಡಲ್ ಕಡೆಯಿಂದ ಆಯಿಲ್ ತಳ್ಳೋ ಮೇಲಿನ ಅಪ್ಪರ್ ಸಿಲಿಂಡರ್ ಒಳಗೇ ರಬ್ಬರ್ ಕಪ್ ದಾಟಿ ಆಯಿಲ್ ವಾಪಸ್ ಹೋಗ್ತಿದೆ. ಅದರ ಬೋರ್ ನುಣ್ಣಗಿತ್ತು, ಅದಕ್ಕೆ ಬರೀ ಕಿಟ್ ಸಾಕಾಯ್ತು. ಕೊನೇಲಿ ಪೆಡಲ್ ರಾಡ್ ಹತ್ರ ಒಂಚೂರು ಪ್ಲೇ (ಸಡಿಲ) ಬಿಟ್ಟು ಸೆಟ್ ಮಾಡಿದ್ರು, ಪ್ಲೇನೇ ಇಲ್ದೆ ಬಿಗಿ ಮಾಡಿದ್ರೆ ಆಯಿಲ್ ವಾಪಸ್ ಬರೋ ತೂತು ಮುಚ್ಕೊಂಡು ಕ್ಲಚ್ ಅರ್ಧ ಒತ್ತಿದಂಗೇ ಇದ್ದು ಒಳ್ಳೇ ಪ್ಲೇಟೂ ಸುಟ್ಟೋಗುತ್ತಂತೆ.

ಲೋವರ್, ಕಿಟ್, ಡಾಟ್ 4 ಆಯಿಲ್, ಕೂಲಿ ಎಲ್ಲಾ ಸೇರಿ 6,400. ಹಳೇ ಪಾರ್ಟ್ಸ್ ಕವರಲ್ಲಿ ಹಾಕಿ ಕೈಗೇ ಕೊಟ್ರು.

ಕೊರತೆ ಅಂದ್ರೆ ಕೂರೋಕೆ ಜಾಗ ಇಲ್ಲ, ಕೆಲಸದ ಮಧ್ಯೆ ಫೋನ್ ಎತ್ತಲ್ಲ, ಬಿಲ್ ಕೈಯಲ್ಲಿ ಬರೆದದ್ದು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರ್ತಾರೆ. ಅರ್ಜೆಂಟ್ ಇದ್ರೆ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಹತ್ತು ಗಂಟೆ ಮೇಲೆ ತೋಟದ ಜೀಪುಗಳು ಸಾಲಾಗಿ ನಿಂತಿರ್ತವೆ. ಆಯಿಲ್ ಕಮ್ಮಿ ಇದೆ ಅಂತ ಕ್ಲಚ್ ಆಯಿಲ್ ಬಾಟಲಿಗೆ ಪವರ್ ಸ್ಟೀರಿಂಗ್ ಆಯಿಲ್ ಮಾತ್ರ ಸುರೀಬೇಡಿ, ರಬ್ಬರೆಲ್ಲಾ ಊದ್ಕೊಳುತ್ತೆ, ನಾನಿದ್ದಾಗ ಹಾಗೇ ಮಾಡಿ ತಂದಿದ್ದ ಒಂದು ಗಾಡಿ ನೋಡಿದೆ, ಎರಡೂ ಸಿಲಿಂಡರ್ ಜೊತೆ ಹೋಸೂ ಹೊಸದು ಹಾಕ್ಬೇಕಾಯ್ತು.

ನಾಲ್ಕು ತಿಂಗಳಾಯ್ತು, ಮೊನ್ನೆ ಗಿರಿಗೆ ಹೋಗ್ವಾಗ ಕೈಮರ ದಾಟಿದ ಮೇಲೆ ತಿರುವು ತಿರುವಿಗೂ ಟ್ರಾಫಿಕ್ ನಿಂತು ನಿಂತು ಹೋಗ್ತಿತ್ತು, ಎಲ್ಲೂ ಒಂದು ಸಲಾನೂ ಪಂಪ್ ಮಾಡ್ಬೇಕಾಗ್ಲಿಲ್ಲ.